ನಕಲು ಮಾಡದೆ ಬಿಟ್ಟ ಎರಡು ಸಾಲು

ಸ್ಕಾರ್‌ನೆಸ್ಸಿನ ನಮ್ಮ ಮೀನುಗಾರರ ಕೇರಿಯಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೂ ಅದು ಯಾವನೋ ಒಬ್ಬ ಮೇರ್‌ನ ತಲೆಗೇ ಬೀಳುತ್ತದೆ. ಮೂರು ಮನೆಗಳಲ್ಲಿ ಎರಡರ ಮನೆತನದ ಹೆಸರು ಮೇರ್. ಅದರ ಮೇಲೆ ಗಂಡುಮಕ್ಕಳಿಗೆ ಅಪ್ಪನ ಅಪ್ಪನದೋ ತಾಯಿಯ ಅಪ್ಪನದೋ ಹೆಸರೇ ಇಡಬೇಕೆಂಬ ಕಟ್ಟುಪಾಡು ಬೇರೆ. ಹೀಗಾಗಿ ಯಾವ ಕಾಲದಲ್ಲಿ ಎಣಿಸಿದರೂ ಏಳೆಂಟು ಜೇಮ್ಸ್ ಮೇರ್, ಐದಾರು ಅಲೆಕ್ಸಾಂಡರ್ ಮೇರ್ ಊರಿನಲ್ಲಿ ಓಡಾಡಿಕೊಂಡಿರುತ್ತಾರೆ. ಅಂಚೆಯವನಿಗೆ ಹುಚ್ಚು ಹಿಡಿಯದಿರಲಿ ಎಂದು ಒಂದೊಂದು ಮನೆತನಕ್ಕೂ ಒಂದೊಂದು ಅಡ್ಡಹೆಸರು ಇದೆ. ಎಲ್ಸ್‌ಪೆಟ್ ಮೇರ್‌ಳ ಮನೆಯವರು ‘ಬೋಬಿನ್’ಗಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಎಪ್ಪತ್ತನಾಲ್ಕು ವರ್ಷದ ಎಲ್ಸ್‌ಪೆಟ್ ಹದಿನೈದರಿಂದ ಅರವತ್ತರವರೆಗೆ ಬಂದರಿನ ಮೀನುಮನೆಯಲ್ಲಿ ಹ್ಯಾಡಕ್ ಮೀನು ಸೀಳಿದವಳು. ಸೀಳುತ್ತ ಸೀಳುತ್ತ ಮದುವೆಯ ವಯಸ್ಸು ಯಾವಾಗ ದಾಟಿತೋ ಅವಳಿಗೇ ತಿಳಿಯಲಿಲ್ಲ. ಏಳು ವರ್ಷ ದೊಡ್ಡವನಾದ ಅಣ್ಣ ಜೇಮ್ಸ್, ಕೇರಿಯ ಬಾಯಲ್ಲಿ ಜೀಮ್ಸ್, ದೋಣಿಯನ್ನೇ ಕಟ್ಟಿಕೊಂಡವನು. ಅವನಿಗೂ ಹೆಂಡತಿ ಮಕ್ಕಳಿಲ್ಲ. ಅಪ್ಪ ಹೋದ, ಆಮೇಲೆ ಅಮ್ಮ ಹೋದಳು, ಇವರಿಬ್ಬರು ಉಳಿದರು. ವಾರಕ್ಕೆರಡು ದಿನ ಹೊಗೆಮೀನಿನ ಸಾರು, ಒಂದು ದಿನ ಖೀಮಾ ಮತ್ತು ಆಲೂಗಡ್ಡೆ, ಭಾನುವಾರ ಚರ್ಚು. ಜಗಳವಾಡಲೂ ಹೊಸ ವಿಷಯ ಇರದಷ್ಟು ಹಳೆಯ ಸಂಸಾರ ಅದು.

ಬೇಜಾರು ಕಳೆಯಲು ಕೆಲವರು ಸ್ವೆಟರ್ ಹೆಣೆಯುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ. ಎಲ್ಸ್‌ಪೆಟ್ ಸತ್ತವರನ್ನು ಹುಡುಕುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಹತ್ತಿದ ಚಟ ಅದು. ಮಂಗಳವಾರ ಗುರುವಾರ ಲೈಬ್ರರಿಯ ಮಹಡಿಯಲ್ಲಿ ಊರಿನ ವಂಶಾವಳಿ ಸಂಘದ ಕೋಣೆ ತೆರೆಯುತ್ತದೆ; ಮೂವತ್ತು ವರ್ಷದಿಂದ ಆ ಬಾಗಿಲ ಬಳಿ ಮೊದಲು ನಿಲ್ಲುವವಳು ಅವಳೇ. ತಾಯಿಯ ಕಡೆಯವರನ್ನು ಎಂಟು ತಲೆಮಾರು ಹಿಂದಕ್ಕೆ ಬೆನ್ನಟ್ಟಿ ಹಿಡಿದಿದ್ದಳು. ತಂದೆಯ ಕಡೆ ಮಾತ್ರ ಮುತ್ತಜ್ಜನ ಹತ್ತಿರ ಬಂದು ನಿಂತುಬಿಟ್ಟಿದ್ದಳು. ಹಿಂದಿನವರನ್ನು ಹುಡುಕುತ್ತೀಯಲ್ಲ, ಮುಂದೆ ಓದುವುದಕ್ಕೆ ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ಪಕ್ಕದ ಮನೆಯವರು ಕುಟುಕುತ್ತಿದ್ದರು.

ಆ ಮುತ್ತಜ್ಜ ಅಂಥ ಘಾಟಿ ಆಸಾಮಿ. ಅಜ್ಜ ಅಲೆಕ್ಸಾಂಡರ್‌ನ ಮದುವೆಯ ದಾಖಲೆಯಲ್ಲಿ ತಂದೆಯ ಹೆಸರು ವಿಲಿಯಮ್ ಮೇರ್, ಮೀನುಗಾರ, ಈಗಿಲ್ಲ ಎಂದಿದೆ. ತಾಯಿ ಮಾರ್ಗರೆಟ್, ತವರಿನಲ್ಲೂ ಮೇರ್. ಆ ಕಾಲಕ್ಕೆ ಊರಿನಲ್ಲಿದ್ದ ವಿಲಿಯಮ್ ಮೇರ್‌ಗಳು ಹನ್ನೊಂದು ಜನ. ಎಲ್ಸ್‌ಪೆಟ್ ಒಬ್ಬೊಬ್ಬನನ್ನೂ ಹಿಡಿದು ವಿಚಾರಿಸಿಕೊಂಡಿದ್ದಳು. ಒಬ್ಬ ಹತ್ತೊಂಬತ್ತಕ್ಕೇ ಮುಳುಗಿ ಸತ್ತ, ಒಬ್ಬ ಕೆನಡಾಕ್ಕೆ ಹೋದ, ಒಬ್ಬನಿಗೆ ಎರಡು ಹೆಂಡಿರಿದ್ದರೂ ಇಬ್ಬರೂ ಮಾರ್ಗರೆಟ್ ಅಲ್ಲ. ಸಿಕ್ಕ ಒಂದೇ ಒಂದು ಜನಗಣತಿಯಲ್ಲಿ ಮಾರ್ಗರೆಟ್ ಬೆಳೆದ ಮಗನ ಜೊತೆ ಮನೆಯಲ್ಲಿದ್ದಾಳೆ, ಗಂಡ ಸಮುದ್ರದಲ್ಲಿ. ಅಜ್ಜನ ಜನನದ ದಾಖಲೆಯೇ ಸಿಕ್ಕಿಲ್ಲ. ಮುತ್ತಜ್ಜ ಹುಟ್ಟಿದ ಸುಳಿವಿಲ್ಲ, ಮದುವೆಯಾದ ಸುಳಿವಿಲ್ಲ, ಸತ್ತ ಸುಳಿವಿಲ್ಲ. ಮಗನನ್ನು ಮಾತ್ರ ಹುಟ್ಟಿಸಿ ಹೋಗಿದ್ದಾನೆ.

ಇಷ್ಟು ದಿನ ಇದು ಚಟವಾಗಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಕುತ್ತಿಗೆಗೆ ಬಂತು. ಜೀಮ್ಸ್‌ನ ಶ್ವಾಸಕೋಶ ಕೈಕೊಟ್ಟಿತ್ತು. ಬೇಸಿಗೆಯ ಮುಖ ನೋಡುವುದು ಕಷ್ಟ ಎಂದು ಡಾಕ್ಟರು ಅಡುಗೆಮನೆಗೆ ಕರೆದು ಹೇಳಿದರು. ಎಲ್ಸ್‌ಪೆಟ್ ಅಳಲಿಲ್ಲ. ಮಾರನೆಯ ದಿನ ಸ್ಮಶಾನದ ಕಚೇರಿಗೆ ಫೋನು ಮಾಡಿದಳು. ಹಳೆಯ ಚರ್ಚಿನ ಅಂಗಳದಲ್ಲಿ, ಸಮುದ್ರದ ಕಡೆಯ ಗೋಡೆಗೆ ಹತ್ತಿಕೊಂಡು, ಅವರ ಮನೆತನದ ಗೋರಿಜಾಗವಿದೆ. ಅಜ್ಜ ಅಜ್ಜಿ ಅಲ್ಲಿದ್ದಾರೆ, ಅಪ್ಪ ಅಮ್ಮ ಅಲ್ಲಿದ್ದಾರೆ, ಇನ್ನಿಬ್ಬರಿಗೆ ಜಾಗವಿದೆ. ಒಂದು ಅಣ್ಣನಿಗೆ, ಒಂದು ತನಗೆ ಎಂದು ಅವಳು ಯಾವತ್ತೋ ಲೆಕ್ಕ ಹಾಕಿಟ್ಟಿದ್ದಳು.

ಅಮ್ಮನನ್ನು ಮಣ್ಣು ಮಾಡಿದಾಗ ಯಾರೂ ಏನೂ ಕೇಳಿರಲಿಲ್ಲ. ಯಾರ ಜಾಗ ಯಾವುದು ಎಂದು ಗುಣಿ ತೋಡುವ ಮುದುಕನಿಗೆ ಬಾಯಿಪಾಠವಾಗಿತ್ತು. ಈಗ ಆ ಮುದುಕನೂ ಅದೇ ಅಂಗಳ ಸೇರಿದ್ದಾನೆ, ಕಚೇರಿ ಇಪ್ಪತ್ತು ಮೈಲಿ ದೂರದ ಪಟ್ಟಣಕ್ಕೆ ಹೋಗಿದೆ. ಫೋನು ಎತ್ತಿದ ಹೆಂಗಸು ಮರ್ಯಾದೆಯಿಂದಲೇ ಮಾತಾಡಿದಳು. ಜಾಗವನ್ನು ಮೊದಲು ಬರೆಸಿಕೊಂಡವರ ಹೆಸರು ಹೇಳಬೇಕು, ಅವರ ವಂಶದವರೆಂದು ಕಾಗದ ತೋರಿಸಬೇಕು, ಆಗ ಮಾತ್ರ ತೆರೆಯಬಹುದು. ವಿಲಿಯಮ್ ಮೇರ್ ಎಂದಳು ಎಲ್ಸ್‌ಪೆಟ್. ಅತ್ತ ಪುಟ ಮಗುಚುವ ಸದ್ದು ಕೇಳಿಸಿತು.

“ಆ ಹೆಸರಿಲ್ಲಮ್ಮಾ,” ಎಂದಳು ಹೆಂಗಸು.

“ಮತ್ಯಾರ ಹೆಸರಿದೆ?”

“ಅದನ್ನ ನಾನು ಹೇಳೋ ಹಾಗಿಲ್ಲ. ನೀವು ಹೇಳ್ಬೇಕು, ನಾನು ಹೌದು ಅಲ್ಲ ಅಂತೀನಿ. ಅಷ್ಟೇ ನಮ್ ಕೈಲಿರೋದು.”

ಹೀಗೆ, ಮೂವತ್ತು ವರ್ಷ ಸಿಗದವನನ್ನು ಮೂರು ತಿಂಗಳಲ್ಲಿ ಹಿಡಿಯುವ ಕೆಲಸ ಅವಳ ಪಾಲಿಗೆ ಬಂತು. ಸಿಗದಿದ್ದರೆ ಅಣ್ಣನಿಗೆ ಗುಡ್ಡದ ಆ ಬದಿಯ ಹೊಸ ಸ್ಮಶಾನವೇ ಗತಿ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಕೇಳುವುದೂ ಇಲ್ಲ. ಬದುಕಿನಲ್ಲಿ ಅಪ್ಪ, ಅಮ್ಮ, ತಂಗಿ ಬಿಟ್ಟರೆ ತನ್ನವರು ಎನ್ನುವವರು ಇಲ್ಲದ ಮನುಷ್ಯನನ್ನು ಗುರುತಿಲ್ಲದವರ ನಡುವೆ ಇಟ್ಟು ಬರುವುದು ಅವಳಿಂದ ಆಗದ ಮಾತು.

ಜೀಮ್ಸ್ ಮಾತ್ರ ತನ್ನ ಸಾವು ಬೇರೆ ಯಾರದೋ ಎಂಬಂತೆ ಇದ್ದ. ದಿಂಬಿಗೆ ಒರಗಿ, ಕಿಟಕಿಯಿಂದ ಬಂದರು ನೋಡುತ್ತ, ಗುಡ್ಡದ ಆಚೆಗೇ ಹಾಕು, ಯಾಕೆ ಒದ್ದಾಡುತ್ತೀಯ ಎನ್ನುತ್ತಿದ್ದ. ತನಗೆ ಕಷ್ಟ ಕೊಡಬಾರದು ಎಂದು ಹಾಗೆ ಹೇಳುತ್ತಾನೆ ಎಂದುಕೊಂಡು ಅವಳ ಹಟ ಇನ್ನಷ್ಟು ಗಟ್ಟಿಯಾಯಿತು.

ಬೆಳಿಗ್ಗೆ ಒಬ್ಬ ನರ್ಸ್ ಬರುತ್ತಿದ್ದಳು. ನಲವತ್ತು ದಾಟಿದ, ಒಳನಾಡಿನ ಹೆಂಗಸು. ಕೈ ಮೃದು, ಮಾತು ಕಡಿಮೆ. ನವೆಂಬರಿನಿಂದ ದಿನವೂ ಬಂದರೂ ಆ ಮನೆಯಲ್ಲಿ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಜೀಮ್ಸ್‌ಗೆ ಅವಳು ‘ಸೂಜಿಯವಳು’. ಎಲ್ಸ್‌ಪೆಟ್‌ಗೆ ‘ಚೀಲದ ತಾಯಿ’. ಅದು ಸೊಕ್ಕಲ್ಲ. ಅವಳ ಎದೆಯ ಬಿಲ್ಲೆಯ ಮೇಲೆ ಬರೆದಿದ್ದ ಮನೆತನದ ಹೆಸರು ನಮ್ಮ ಕೇರಿಯಲ್ಲಿ ಬಾಯಿಗೆ ತರುವಂಥದ್ದಲ್ಲ. ಇಲ್ಲಿ ಬರೆಯುತ್ತೇನೆ, ಹೇಳು ಎಂದರೆ ನನ್ನ ನಾಲಗೆಯೂ ತಡವರಿಸುತ್ತದೆ: ರಾಸ್. ಹಂದಿ ಎನ್ನಬಾರದು, ದೋಣಿಯ ಹತ್ತಿರ ಪಾದ್ರಿ ಎನ್ನಬಾರದು, ಈ ಹೆಸರನ್ನಂತೂ ಎಲ್ಲೂ ಎನ್ನಬಾರದು. ಅಂದರೆ ಮೀನು ಹೋಗುತ್ತದೆ, ಇಲ್ಲವೇ ಜೀವ ಹೋಗುತ್ತದೆ. ಕಿವಿಗೆ ಬಿದ್ದರೆ ಉಗುಳಿ ತಣ್ಣನೆಯ ಕಬ್ಬಿಣ ಮುಟ್ಟಬೇಕು. ಹಿಂದೆ ಆ ಹೆಸರಿನವನನ್ನು ಯಾವ ದೋಣಿಗೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಯಾಕೆ ಎಂದು ನೂರು ವರ್ಷದ ಹಿಂದೆಯೂ ಯಾರಿಗೂ ಗೊತ್ತಿರಲಿಲ್ಲವಂತೆ.

ಮಾರ್ಚಿ ತಿಂಗಳ ಒಂದು ಗುರುವಾರ. ರಾತ್ರಿಯೆಲ್ಲ ಜೀಮ್ಸ್‌ನ ಕೆಮ್ಮು ಕೇಳಿ ನಿದ್ದೆಗೆಟ್ಟಿದ್ದ ಎಲ್ಸ್‌ಪೆಟ್ ಸಂಘದ ಕೋಣೆಯಲ್ಲಿ ಕುಳಿತಿದ್ದಳು. ಎದುರಿಗೆ ಮೀನುಗಾರರ ಚರ್ಚಿನ ದೀಕ್ಷಾಸ್ನಾನದ ಪುಸ್ತಕದ ನಕಲು. ಇಪ್ಪತ್ತು ವರ್ಷದ ಹಿಂದೆ ಸಂಘದ ಐದು ಜನ ಹಂಚಿಕೊಂಡು ಮಾಡಿದ ನಕಲು ಅದು; ಈ ಭಾಗ ಬರೆದವಳು ಎಲ್ಸ್‌ಪೆಟ್ ತಾನೇ, ಪ್ರತಿ ಹೆಸರಿನ ಮುಂದೆ ಅಂದವಾಗಿ ಅಂಕಿ ಹಾಕಿ. ಕಣ್ಣಿಗೆ ಓದುವ ತ್ರಾಣ ಇರಲಿಲ್ಲ. ಸುಮ್ಮನೆ ಬೆರಳಿಟ್ಟು ಕೆಳಗಿಳಿಸಿದಳು. 1872ನೆಯ ವರ್ಷದ ಕೊನೆಯಲ್ಲಿ ಆ ಕಾಲದ ಪಾದ್ರಿಯ ಮಾತು: ಈ ವರ್ಷ ದೇವರ ದಯೆಯಿಂದ ನಲವತ್ತಮೂರು ಮಕ್ಕಳು. ಅವಳ ಅಂಕಿ ನಲವತ್ತೊಂದಕ್ಕೇ ನಿಂತಿತ್ತು.

ಪಾದ್ರಿ ಲೆಕ್ಕ ತಪ್ಪಿದನೇನೋ ಎಂದುಕೊಂಡು ಮತ್ತೆ ಎಣಿಸಿದಳು. ಮತ್ತೆ ನಲವತ್ತೊಂದು. ಬೀರುವಿನಿಂದ ಮೂಲ ಪುಸ್ತಕದ ಫೋಟೋ ಪ್ರತಿ ತೆಗೆದು ಜನವರಿಯಿಂದ ಒಂದೊಂದೇ ಸಾಲು ಹೊಂದಿಸಿದಳು. ಅಕ್ಟೋಬರಿಗೆ ಬಂದಾಗ ಪುಟದ ಅಂಚಿನಲ್ಲಿ ಪೆನ್ಸಿಲಿನ ಎರಡು ಚುಕ್ಕೆ ಕಂಡವು. ಚುಕ್ಕೆ ಅವಳದೇ. ಆಗ ಎಲ್ಲ ನೆನಪಾಯಿತು.

ನಕಲು ಮಾಡುವಾಗ ಆ ಹೆಸರಿನ ಸಾಲು ಬಂದರೆ ಅವಳು ಪೂರ್ತಿ ಓದುತ್ತಲೂ ಇರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಚುಕ್ಕೆ ಇಟ್ಟು ಮುಂದೆ ಹೋಗುತ್ತಿದ್ದಳು. ಸಂಘದಲ್ಲಿ ಓಗಿಲ್ವಿ ಎಂಬ ನಿವೃತ್ತ ಮೇಷ್ಟ್ರಿದ್ದರು, ಹೊಲದವರ ಪೈಕಿ. ಅವರಿಗೆ ಸಮುದ್ರದ ಭಯವಿಲ್ಲ. ಚುಕ್ಕೆ ಇಟ್ಟ ಸಾಲುಗಳನ್ನು ಕೊನೆಗೆ ಓಗಿಲ್ವಿ ಮೇಷ್ಟ್ರು ಬರೆದು ಸೇರಿಸುವುದು ಎಂದು ಇಬ್ಬರಲ್ಲೂ ಒಪ್ಪಂದ. ಯಾರೂ ಅದನ್ನು ಬಾಯಿಬಿಟ್ಟು ಆಡಿರಲಿಲ್ಲ. ಅವಳು ಚುಕ್ಕೆ ಇಡುತ್ತಿದ್ದಳು, ಅವರು ಮುಗುಳ್ನಗುತ್ತ ಬರೆಯುತ್ತಿದ್ದರು. ಆ ಚಳಿಗಾಲ ಮೇಷ್ಟ್ರು ಬಿದ್ದು ಸೊಂಟ ಮುರಿದುಕೊಂಡರು, ಮತ್ತೆ ಮಹಡಿ ಹತ್ತಲಿಲ್ಲ. ಚುಕ್ಕೆಗಳನ್ನು ಎಲ್ಲರೂ ಮರೆತರು.

ಎಲ್ಸ್‌ಪೆಟ್ ಎಡಗೈಯಿಂದ ಮೇಜಿನ ಕಬ್ಬಿಣದ ಕಾಲು ಹಿಡಿದುಕೊಂಡು ಆ ಸಾಲುಗಳನ್ನು ಓದಿದಳು. ಅಕ್ಟೋಬರ್ ಒಂಬತ್ತರಂದು ಹುಟ್ಟಿದ ಅವಳಿ ಮಕ್ಕಳು. ಅಲೆಕ್ಸಾಂಡರ್ ಮತ್ತು ಕಿರ್ಸ್ಟಿ. ತಂದೆ ವಿಲಿಯಮ್ ರಾಸ್, ಮೀನುಗಾರ. ತಾಯಿ ಮಾರ್ಗರೆಟ್ ಮೇರ್. ಕೆಳಕೇರಿ. ಅಕ್ಟೋಬರ್ ಒಂಬತ್ತು ಅಜ್ಜನ ಹುಟ್ಟುಹಬ್ಬ. ಅವನಿರುವವರೆಗೂ ಆ ದಿನ ಮನೆಯಲ್ಲಿ ಹಣ್ಣಿನ ಕೇಕು ಆಗುತ್ತಿತ್ತು. ಅವನಿಗೊಬ್ಬಳು ಜೊತೆ ಹುಟ್ಟಿದ ತಂಗಿಯಿದ್ದಳು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಇದೆಯಲ್ಲ, ಹಾಗಾಗಿತ್ತು ಅವಳ ಕತೆ. ಆ ಹೆಸರಿಟ್ಟುಕೊಂಡು ಹುಡುಕಿದರೆ ಉಳಿದದ್ದೆಲ್ಲ ಎರಡೇ ದಿನದಲ್ಲಿ ತಾನಾಗಿ ಬಂದು ಬಿತ್ತು. ವಿಲಿಯಮ್ ಕೊಲ್ಲಿಯ ಆಚೆ ದಡದವನು, ಹೆರಿಂಗ್ ಮೀನಿನ ಕಾಲಕ್ಕೆ ಕೂಲಿಗೆ ಬಂದವನು. ಮಾರ್ಗರೆಟ್‌ಳನ್ನು ತನ್ನ ಊರಿಗೆ ಕರೆದೊಯ್ದು ಮದುವೆಯಾಗಿ ವಾಪಸು ಕರೆತಂದ. ಹೆಂಡತಿಯ ಅಣ್ಣಂದಿರ ದೋಣಿಯಲ್ಲಿ ಕೆಲಸ ಮಾಡಿದ ಎಂದರೆ ಅಲ್ಲಿ ಅವನನ್ನು ಸ್ವಂತ ಹೆಸರಿನಿಂದ ಕರೆದಿರಲು ಸಾಧ್ಯವೇ ಇಲ್ಲ, ಬೋಬಿನ್ ಎಂಬ ಅಡ್ಡಹೆಸರಿನಿಂದಲೇ ಕರೆದಿರಬೇಕು. ಮಕ್ಕಳು ಶಾಲೆಗೆ ಹೋಗುವಾಗ ತಾಯಿಯ ಹೆಸರು ಹೊತ್ತು ಹೋದವು. ಹದಿನೇಳಕ್ಕೆ ಕಿರ್ಸ್ಟಿ ಗಂಟಲ ಬೇನೆಯಿಂದ ಸತ್ತಳು. ಚರ್ಚಿನ ಲೆಕ್ಕದ ಪುಸ್ತಕದ ಪ್ರಕಾರ ಅದೇ ವರ್ಷ ವಿಲಿಯಮ್ ಗೋಡೆಯ ಪಕ್ಕದ ಜಾಗ ಬರೆಸಿಕೊಂಡಿದ್ದಾನೆ. ನಾಲ್ಕು ವರ್ಷದ ನಂತರ ಅವನೂ ಅಲ್ಲಿಗೇ ಹೋದ. ಮೇಲೆ ನಿಲ್ಲಿಸಿದ ಕಲ್ಲು ಅಜ್ಜನ ಕಾಲದ್ದು, ಅದರಲ್ಲಿ ಇರುವುದು ಮೇರ್‌ಗಳ ಹೆಸರು ಮಾತ್ರ.

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೂವತ್ತು ವರ್ಷ ಆ ಮನುಷ್ಯ ಬಾಗಿಲಲ್ಲಿ ನಿಂತಿದ್ದ, ಬಾಗಿಲು ಹಾಕಿಕೊಂಡವಳು ತಾನೇ. ಮನೆಗೆ ಬಂದು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಳು. ಒಳಗಿನಿಂದ ಜೀಮ್ಸ್ ಚಹಾ ಕೇಳಿದ. ಕೊಟ್ಟಳು, ತಾನೂ ಕುಡಿದಳು.

ಕಚೇರಿಗೆ ಫೋನು ಮಾಡಬೇಕಿತ್ತು. ಮನೆಯಲ್ಲಿ ಅಣ್ಣನ ಕಿವಿ, ಹೊರಗೆ ಬಂದರು, ದೋಣಿಗಳು. ಮೊಬೈಲು ಕೋಟಿನ ಜೇಬಿಗೆ ಹಾಕಿಕೊಂಡು ಸಮುದ್ರಕ್ಕೆ ಬೆನ್ನು ಮಾಡಿ ದಿಬ್ಬ ಹತ್ತಿದಳು. ಟರ್ನಿಪ್ ಹೊಲ ದಾಟಿ, ನೀರು ಕಾಣದಷ್ಟು ಒಳಗೆ ಹೋಗಿ, ಒಂದು ಕಬ್ಬಿಣದ ಗೇಟು ಹಿಡಿದು ನಿಂತು ಫೋನು ಹಚ್ಚಿದಳು. ಅದೇ ಹೆಂಗಸು ಎತ್ತಿದಳು. ಹೆಸರು ಸಿಕ್ಕಿದೆ ಎಂದಳು ಎಲ್ಸ್‌ಪೆಟ್. ಹೇಳಿ ಎಂದಳು ಹೆಂಗಸು. ನಾಲಗೆ ಹೊರಳಲಿಲ್ಲ. ಮೊದಲು ವಿಲಿಯಮ್ ಎಂದಳು, ಆಮೇಲೆ ಕೆಮ್ಮಿದಳು, ಆಮೇಲೆ ಗಾಳಿ ಬಹಳ ಇದೆ ಎಂದಳು. ಗೇಟಿನ ಆಚೆ ಒಂದು ಹಸು ಮೇಯುವುದು ಬಿಟ್ಟು ಅವಳನ್ನೇ ನೋಡುತ್ತಿತ್ತು. ಎಪ್ಪತ್ತನಾಲ್ಕು ವರ್ಷದ ಬಾಯಿ ಕೊನೆಗೆ ಆ ಎರಡಕ್ಷರ ಹೇಳಿತು.

“ಹಾಂ, ಅದೇ,” ಎಂದಳು ಅತ್ತಲಿನ ಹೆಂಗಸು, ಹಾಲಿನ ಲೆಕ್ಕ ಹೇಳಿದಷ್ಟು ಸಲೀಸಾಗಿ.

ಅಲ್ಲಿಗೆ ಮುಗಿಯಲಿಲ್ಲ. ಜಾಗ ಈಗ ವಾರಸುದಾರನ ಹೆಸರಿಗೆ ಬರಬೇಕು, ವಾರಸುದಾರ ಎಂದರೆ ಹಿರಿಯನಾದ ಜೀಮ್ಸ್. ಮೂರು ದಿನದಲ್ಲಿ ಅಂಚೆಯಲ್ಲಿ ಕಾಗದ ಬಂತು. ನಾನು ವಿಲಿಯಮ್ ರಾಸ್ ಇವರ ಮರಿಮಗ ಎಂದು ಅಚ್ಚಾಗಿದ್ದ ಸಾಲಿನ ಕೆಳಗೆ ಅವನು ಸಹಿ ಹಾಕಬೇಕು, ಮನೆಯವರಲ್ಲದ ಒಬ್ಬರು ಸಾಕ್ಷಿ ಹಾಕಬೇಕು. ನಲವತ್ತು ವರ್ಷ ದೋಣಿಯ ಯಜಮಾನನಾಗಿದ್ದವನು, ಆ ಹೆಸರು ರೇಡಿಯೋದಲ್ಲಿ ಬಂದರೂ ಎದ್ದು ಹೋಗಿ ಒಲೆಯ ಕಬ್ಬಿಣ ಮುಟ್ಟುವವನು. ಅವನ ಮುಂದೆ ಈ ಕಾಗದ ಹೇಗೆ ಹಿಡಿಯುವುದು? ಔಷಧದ ಮಂಪರಿನಲ್ಲಿರುವಾಗ ಕೈ ಹಿಡಿದು ಗೀಚಿಸಿಬಿಡೋಣ ಎಂದೂ ಯೋಚಿಸಿದಳು. ಯೋಚಿಸಿದ್ದಕ್ಕೇ ನಾಚಿಕೆಯಾಯಿತು. ಕಾಗದ ಎರಡು ದಿನ ಬ್ರೆಡ್ಡಿನ ಡಬ್ಬದ ಕೆಳಗೆ ಬಿದ್ದಿತ್ತು.

ಮೂರನೆಯ ದಿನ ಬೆಳಿಗ್ಗೆ ಅವನ ತುಟಿ ನೀಲಿಯಾಗಿತ್ತು. ನರ್ಸ್ ಚುಚ್ಚುಮದ್ದು ಕೊಟ್ಟು, ಕೈಯನ್ನೂ ಬೆಳಗಿನ ಬಟ್ಟಲುಗಳನ್ನೂ ತೊಳೆಯಲು ಅಡುಗೆಮನೆಗೆ ಹೋದಳು. ಇನ್ನು ತಡ ಮಾಡಿದರೆ ಆಗದು ಎಂದು ಎಲ್ಸ್‌ಪೆಟ್ ಕಾಗದ ತಂದು ಮಂಚದ ಪಕ್ಕ ಕುಳಿತಳು. ಮುತ್ತಜ್ಜ ಸಿಕ್ಕಿದ ಎಂದಳು. ಅವನ ಮನೆತನದ ಹೆಸರು ಮೇರ್ ಅಲ್ಲ ಎಂದಳು. ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತಿರುವಾಗ ಜೀಮ್ಸ್ ಬಂದರಿನಿಂದ ಕಣ್ಣು ತೆಗೆಯದೆ ಹೇಳಿದ:

“ಗೊತ್ತು ಕಣೆ.”

ಅವಳು ಕಾಗದ ಮಡಿಲಿಗಿಟ್ಟುಕೊಂಡಳು. ಅವನು ನಿಲ್ಲಿಸಿ ನಿಲ್ಲಿಸಿ, ಉಸಿರು ಸಿಕ್ಕಷ್ಟು ಸಿಕ್ಕಷ್ಟು ಹೇಳಿದ. ಹದಿನೈದು ವರ್ಷಕ್ಕೆ ಮೊದಲ ಸಲ ದೋಣಿ ಹತ್ತುವ ಹಿಂದಿನ ದಿನ ಅಜ್ಜ ಅವನನ್ನು ಬಲೆಯ ಕೊಟ್ಟಿಗೆಗೆ ಕರೆದೊಯ್ದ. ಮೀನಿನ ಪೀಪಾಯಿಯ ಮುಚ್ಚಳದ ಮೇಲೆ ಒದ್ದೆ ಬೆರಳಿನಿಂದ ಆ ಹೆಸರು ಬರೆದ. ಇದು ನಾವು, ನಿನಗೆ ಗೊತ್ತಿರಲಿ, ಇನ್ನೊಬ್ಬರಿಗೆ ಬೇಡ ಎಂದ. ಅಂಗೈಯಿಂದ ಒರೆಸಿದ. ಬಾಯಲ್ಲಿ ಅಜ್ಜನೂ ಹೇಳಲಿಲ್ಲ.

“ಮೂವತ್ತು ವರ್ಷ, ಜೀಮ್ಸ್,” ಎಂದಳು ಎಲ್ಸ್‌ಪೆಟ್. ಸಿಟ್ಟು ಮಾಡಲೂ ಶಕ್ತಿಯಿರಲಿಲ್ಲ. “ಮೂವತ್ತು ವರ್ಷ ಆ ಮೆಟ್ಲು ಹತ್ತಿ ಇಳಿದೆ.”

“ಹೇಳ್ಬಿಟ್ಟಿದ್ರೆ ನೀನು ಮಂಗಳವಾರ ಗುರುವಾರ ಎಲ್ಲಿಗ್ ಹೋಗ್ತಿದ್ದೆ, ಹುಡುಗೀ?” ಎಂದ. ನಗಲು ಹೋಗಿ ಕೆಮ್ಮಿದ. ಅವಳು ಬೆನ್ನು ಸವರಿದಳು. ಕೆಮ್ಮು ನಿಂತ ಮೇಲೆ ಅವನ ಮುಖದಲ್ಲಿ ತಮಾ‌ಷೆ ಉಳಿದಿರಲಿಲ್ಲ.

“ಹೆಂಡ್ತಿ ಮಕ್ಳಿದ್ದ ಐದು ಜನ ನನ್ನ ನಂಬ್ಕೊಂಡು ದೋಣಿಗೆ ಬರ್ತಿದ್ರು. ಗೊತ್ತಾಗಿದ್ರೆ ಒಬ್ಬನೂ ಬರ್ತಿರ್ಲಿಲ್ಲ. ಮುಚ್ಚಿಟ್ಟು ಕರ್ಕೊಂಡ್ ಹೋದೆ. ಗಿಲ್ಬರ್ಟ್ ಪೈರಿ ನೀರಿಗ್ ಬಿದ್ದ. ಅವನ ಹೆಣಾನೂ ಸಿಗ್ಲಿಲ್ಲ.” ಹೊದಿಕೆಯ ಅಂಚು ಎದೆಗೆ ಎಳೆದುಕೊಂಡ. “ಅದು ನನ್ನಿಂದ ಕಣೆ. ಆವತ್ತೇ ಅಂದ್ಕೊಂಡೆ, ಇದು ನನಗೇ ಮುಗೀಲಿ, ಮದುವೆ ಮಕ್ಳು ಬೇಡ ಅಂತ. ಪೈರಿಗೆ ಒಂದು ಗುಣಿ ಇಲ್ಲ. ನಾನು ಅಪ್ಪ ಅಮ್ಮನ ಪಕ್ಕ ಸುಖವಾಗಿ ಮಲ್ಕೊಳ್ಳಾ?”

ಗುಡ್ಡದ ಆಚೆಗೇ ಹಾಕು ಎಂದು ಅವನು ಹೇಳುತ್ತಿದ್ದುದು ಯಾಕೆ ಎಂದು ಅವಳಿಗೆ ಆಗ ತಿಳಿಯಿತು. ಪೈರಿ ಮುಳುಗಿದಂದಿನಿಂದ ನಲವತ್ತನಾಲ್ಕು ವರ್ಷ ಈ ಭಾರವನ್ನು ಎದೆಯಲ್ಲಿಟ್ಟುಕೊಂಡು ಅದೇ ಮೇಜಿನಲ್ಲಿ ಎದುರಿಗೆ ಕುಳಿತು ಊಟ ಮಾಡಿದ್ದ. ಅವಳು ಬಡಿಸಿದ್ದಳು. ಮುತ್ತಜ್ಜನನ್ನು ಹುಡುಕುವ ಭರದಲ್ಲಿ ಎದುರಿಗೆ ಕುಳಿತವನನ್ನು ಕಾಣಲಿಲ್ಲವಲ್ಲ ಎಂದು ಅವಳಿಗೆ ದುಃಖ ಉಕ್ಕಿ ಬಂತು.

“ಆವತ್ತು ಗಾಳಿ ಇತ್ತು, ಜೀಮ್ಸ್,” ಎಂದಳು. “ಬಂದರಿನಲ್ಲಿ ನಾನೇ ನಿಂತಿದ್ನಲ್ಲ, ಹೆಂಚು ಹಾರ್ತಿತ್ತು. ಮೇರ್‌ಗಳ ದೋಣೀಲಿ ಮುಳುಗಿದೋರಿಲ್ವಾ? ಚರ್ಚಿನ ಸತ್ತೋರ ಪುಸ್ತಕಾನೂ ನಾನು ನಕಲು ಮಾಡಿದೀನಿ, ಪುಟಗಟ್ಟಲೆ ಇದಾರೆ. ಹೆಸರು ಯಾರನ್ನೂ ಮುಳುಗ್ಸಲ್ಲ ಕಣೋ.”

ಅವನು ಒಮ್ಮೆ ಬಂದರಿನ ಕಡೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

“ಅದನ್ನ ನಾನು ಕಣ್ಣಲ್ ನೋಡಿದ್ದಷ್ಟೇ. ನಮ್ದು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಒಂದ್ಸಲ ಹೇಳೇ. ಗಟ್ಟಿಯಾಗ್ ಹೇಳು.”

ಎಲ್ಸ್‌ಪೆಟ್ ಈ ಸಲ ಏನನ್ನೂ ಹಿಡಿದುಕೊಳ್ಳಲಿಲ್ಲ. “ರಾಸ್,” ಎಂದಳು.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ನರ್ಸ್ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಐದು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ತನ್ನ ಹೆಸರು ಕೇಳಿದ್ದಳು.

“ಕರೆದ್ರಾ?” ಎಂದಳು.

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. “ಹೂಂ, ಬಾ ತಾಯಿ,” ಎಂದ ಜೀಮ್ಸ್. “ಕೂತ್ಕೋ. ಒಂದು ಸಾಕ್ಷಿ ಹಾಕ್ಬೇಕು.” ಅವನ ಕೈಗೆ ಪೆನ್ನು ನಿಲ್ಲಲಿಲ್ಲ. ನರ್ಸ್ ಮಣಿಕಟ್ಟಿನ ಕೆಳಗೆ ಕೈ ಆನಿಸಿ ಹಿಡಿದಳು, ಅವನೇ ಬರೆದ.

ಹನ್ನೊಂದು ದಿನದ ಮೇಲೆ, ಹಗಲು ಹೊತ್ತಿನಲ್ಲಿ, ಬಂದರಿನ ಕಡೆ ಮುಖ ಮಾಡಿಕೊಂಡೇ ಹೋದ. ಪಟ್ಟಣದಿಂದ ಜನ ಬಂದು ಗೋಡೆಯ ಪಕ್ಕದ ಜಾಗ ತೆರೆದರು. ಊರಿನ ಬಡಗಿ ಪೀಟ್ರಿಯೇ ಹೆಣದ ಪೆಟ್ಟಿಗೆ ಮಾಡುವವನು, ಮಣ್ಣಿನ ಕಾರ್ಯ ನಡೆಸುವವನು. ಪೆಟ್ಟಿಗೆಯನ್ನು ಗುಣಿಗೆ ಇಳಿಸಲು ಎಂಟು ಹಗ್ಗ. ಯಾವ ಹಗ್ಗ ಯಾರ ಕೈಗೆ ಎಂದು ಚೀಟಿ ಬರೆದುಕೊಡುವುದು ಮನೆಯವರ ಕೆಲಸ. ಎಲ್ಸ್‌ಪೆಟ್ ಎಂಟೂ ಚೀಟಿ ತಾನೇ ಬರೆದಳು. ತಲೆಯ ಕಡೆಯ ಒಂದನೆಯ ಹಗ್ಗ ಅವಳದು. ಉಳಿದವುಗಳಲ್ಲಿ ಆರು ದೋಣಿಯ ಹಳೆಯ ಜೊತೆಗಾರರಿಗೆ, ಅವರ ಮನೆಯವರಿಗೆ ಹೋದವು. ಗಿಲ್ಬರ್ಟ್ ಪೈರಿಯ ತಮ್ಮ ವಾಟಿಗೆ ಐದನೆಯದು. ಅವನ ಎದುರಿನ ನಾಲ್ಕನೆಯ ಹಗ್ಗದ ಚೀಟಿಯಲ್ಲಿ ನರ್ಸಿನ ಹೆಸರು ಬರೆದಳು.

ಗುಣಿಯ ಬಳಿ ಪೀಟ್ರಿ ಒಬ್ಬೊಬ್ಬರನ್ನಾಗಿ ಕರೆದ. ಒಂದನೆಯದು, ಎಲ್ಸ್‌ಪೆಟ್ ಮೇರ್. ಎರಡು, ಮೂರು. ನಾಲ್ಕನೆಯ ಚೀಟಿ ಕೈಗೆ ಬಂದಾಗ ಅವನು ಅದನ್ನು ನೋಡಿದ, ಸುತ್ತ ನಿಂತಿದ್ದ ಮುದಿ ಮೀನುಗಾರರನ್ನು ನೋಡಿದ. “ನಾಲ್ಕು... ನಮ್ಮ ನರ್ಸಮ್ಮ,” ಎಂದ.

“ಹೆಸರು ಹಿಡಿದು ಕರಿ, ಪೀಟ್ರಿ,” ಎಂದಳು ಎಲ್ಸ್‌ಪೆಟ್.

ಪೀಟ್ರಿ ಕೆಮ್ಮಿದ. ಎಲ್ಸ್‌ಪೆಟ್ ಸುತ್ತ ಒಮ್ಮೆ ನೋಡಿದಳು. ಅವಳಿಗೆ ಬಹಳ ದಣಿವಾಗಿತ್ತು, ಎಲ್ಲಾದರೂ ಕೂರಬೇಕು ಎನಿಸುತ್ತಿತ್ತು.

“ಕ್ಯಾಟ್ರಿಯೋನಾ ರಾಸ್,” ಎಂದಳು, ಊರಿಗೆಲ್ಲ ಕೇಳುವ ಹಾಗೆ. “ಒಂದನೇ ಹಗ್ಗ ಹಿಡ್ದಿರೋ ನಂದೂ ಅದೇ ಹೆಸರು. ಪೆಟ್ಟಿಗೇಲಿ ಮಲಗಿರೋ ಇವನ್ದೂ ಅದೇ. ನಮ್ಮ ಮುತ್ತಜ್ಜ ವಿಲಿಯಮ್ ರಾಸ್ ಬರೆಸ್ಕೊಂಡ ಜಾಗ ಇದು.”

ಮುದುಕರ ಕೈಗಳು ಕಬ್ಬಿಣ ಹುಡುಕುತ್ತ ಜೇಬಿಗೆ ಹೋದವು. ಬೀಗದ ಕೈಗಳ ಸದ್ದಾಯಿತು. ಆಮೇಲೆ ಒಬ್ಬೊಬ್ಬರ ಕಣ್ಣೂ ವಾಟಿ ಪೈರಿಯ ಕಡೆ ಹೊರಳಿತು. ಯಾರ ದೋಣಿಯಿಂದ ಅವನ ಅಣ್ಣ ನೀರಿಗೆ ಬಿದ್ದ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವಾಟಿ ತಲೆ ತಗ್ಗಿಸಿ ಪೆಟ್ಟಿಗೆಯನ್ನೇ ನೋಡುತ್ತಿದ್ದ. ನರ್ಸ್ ಹಗ್ಗದ ಹತ್ತಿರ ಬಂದು, ಹಿಡಿಯಲೋ ಬೇಡವೋ ಎಂದು ತಿಳಿಯದೆ ನಿಂತಿದ್ದಳು. ವಾಟಿ ಬಗ್ಗಿ ಪೆಟ್ಟಿಗೆಯ ಮೇಲೆ ಬಿದ್ದಿದ್ದ ಅವಳ ಹಗ್ಗದ ತುದಿ ಎತ್ತಿ ಗುಣಿಯ ಮೇಲಿನಿಂದ ಅವಳ ಕೈಗೆ ಕೊಟ್ಟ. ತನ್ನ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡ.

“ಗಾಳಿ ಏಳ್ತಿದೆ,” ಎಂದ. “ಇಳಿಸಿ.”

ಎಂಟು ಜನವೂ ಒಟ್ಟಿಗೆ ಹಗ್ಗ ಸಡಿಲಿಸಿದರು.